ದಾರಿ ನೋಡಿ ಕಾರು ಕೊಳ್ಳಿ

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ವಿದ್ಯಾರ್ಥಿ ಶಿಬಿರವೊಂದರಲ್ಲಿ ಮಣ್ಣಿನ ಸವಕಳಿಯ ಕುರಿತು ಮಾತು ಮುಗಿಸಿ ಕುಳಿತಿದ್ದೆ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಹೊರಗೆ ನಿಂತಿರುವ ಬಿಳಿ ಕಾರು ನಿಮ್ಮದೇ ಅಲ್ಲವೇ? ಬಸ್ಸಿನಲ್ಲಿ ಓಡಾಡಿ ಎಂದು ನಮಗೆ ಹೇಳುವ ನೀವು ಕಾರಿನಲ್ಲಿ ಬಂದದ್ದೇಕೆ?” ಎಂದು ಕೇಳಿದಳು. ಸಭೆ ನಕ್ಕಿತು, ನಾನೂ ನಕ್ಕೆ. ಊಟದ ಗಂಟೆ ಬಾರಿಸಿದ್ದರಿಂದ ಉತ್ತರ ಕೊಡದೆ ಪಾರಾದೆ.

ಅದಾಗಿ ಹದಿನೈದು ದಿನಕ್ಕೆ ನಮ್ಮೂರಿನ ಯುವಕನೊಬ್ಬ ಮನೆಗೆ ಬಂದ. ಅವನಿಗೆ ರಾಯಚೂರು ಜಿಲ್ಲೆಯಲ್ಲಿ ಶಿಕ್ಷಕನ ಹುದ್ದೆ ದೊರೆತಿದೆ. ಮನೆ ಒಂದು ಕಡೆ, ಶಾಲೆ ಐವತ್ತು ಕಿಲೋಮೀಟರು ಆಚೆ. ಹಳೆಯ ಕಾರೊಂದನ್ನು ಕೊಳ್ಳಬೇಕು, ಬೆಲೆ ಕೈಗೆಟುಕಬೇಕು, ದಿನವೂ ಕುಳಿತು ಹೋಗಲು ಹಿತವಾಗಿರಬೇಕು, ಯಾವುದನ್ನು ಕೊಳ್ಳಲಿ ಎಂಬುದು ಅವನ ಪ್ರಶ್ನೆ. ನಾನು ಅದೇ ಸೀಮೆಯ ತುರ್ವಿಹಾಳದಲ್ಲಿ ಆರು ವರ್ಷ ಇದ್ದವನೆಂಬುದು ಅವನಿಗೆ ಗೊತ್ತಿತ್ತು. ಈ ಇಬ್ಬರ ಪ್ರಶ್ನೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದಾಗ ಎರಡಕ್ಕೂ ಉತ್ತರ ಒಂದೇ ಎಂದು ತೋರಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಘಟ್ಟದ ಹಳ್ಳಿಗಳಿಂದ ಕೆಲಸಕ್ಕಾಗಿ ಬಯಲಿಗಿಳಿದ, ಅಥವಾ ಹಳ್ಳಿಯಲ್ಲಿಯೇ ಇದ್ದುಕೊಂಡು ದಿನವೂ ದೂರದ ಪೇಟೆಗೆ ಹೋಗಿಬರುವ ಎಲ್ಲರಿಗೂ ಇದು ಸಂಬಂಧಿಸಿದ ವಿಷಯ.

ಕಾರು ಬೇಕೇ ಎಂಬ ಮೊದಲ ಪ್ರಶ್ನೆ

ಮಲೆನಾಡಿನ ಓದುಗರಲ್ಲಿ ಹಲವರಿಗೆ ತುರ್ವಿಹಾಳದ ಹೆಸರು ಹೊಸದಿರಬಹುದು. ಸಿಂಧನೂರು ಪಟ್ಟಣಕ್ಕೆ ಪಶ್ಚಿಮದಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿರುವ ಊರು ಅದು. 1953ರಲ್ಲಿ ಹೊಸಪೇಟೆಯ ಬಳಿಯ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಡಲಾರಂಭಿಸಿದ ಮೇಲೆ ಜೋಳ, ಹತ್ತಿಗಳ ಎರೆಭೂಮಿಯಲ್ಲಿ ಭತ್ತ ಕಾಲಿಟ್ಟಿತು. ನಮ್ಮ ಘಟ್ಟದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆಯರ ನೀರೇ ಅಲ್ಲಿನ ಗದ್ದೆಗಳಲ್ಲಿ ನಿಲ್ಲುತ್ತದೆ. ಆದುದರಿಂದ ಅದು ನಮಗೆ ಪರಸ್ಥಳವೇನಲ್ಲ.

2016ರಿಂದ 2022ರವರೆಗೆ ನನ್ನ ಮಡದಿಯ ಕೆಲಸ ತುರ್ವಿಹಾಳದಲ್ಲಿ, ನನ್ನದು ಲಿಂಗಸುಗೂರಿನ ಕಡೆ. ಮೊದಲು ಹಳ್ಳಿಗಳ ನಡುವಿನ ರಸ್ತೆಯಲ್ಲಿ ಮಸ್ಕಿಗೆ ಹೋಗಿ, ಅಲ್ಲಿಂದ ಹೆದ್ದಾರಿ ಹಿಡಿಯಬೇಕು. ಹೋಗಿಬರಲು ದಿನಕ್ಕೆ ನೂರ ಹತ್ತು ಕಿಲೋಮೀಟರಿನ ಆಸುಪಾಸು. ಮೊದಲ ಐದು ತಿಂಗಳು ಬಸ್ಸಿನಲ್ಲಿಯೇ ಓಡಾಡಿದೆ. ಹೋಗುವಾಗ ತೊಂದರೆಯಿರಲಿಲ್ಲ. ಬರುವಾಗ ಕ್ಷೇತ್ರಕಾರ್ಯ ಮುಗಿಸಿ ಮಸ್ಕಿ ತಲಪುವಷ್ಟರಲ್ಲಿ ತುರ್ವಿಹಾಳದ ಕೊನೆಯ ಬಸ್ಸು ಹೋಗಿರುತ್ತಿತ್ತು. ನನ್ನ ಸಹೋದ್ಯೋಗಿಯೊಬ್ಬರು ಇದೇ ಕಾರಣಕ್ಕೆ ಮೋಟಾರು ಸೈಕಲ್ ಹಿಡಿದರು. ಸುಗ್ಗಿಯ ಒಂದು ಸಂಜೆ ಹಿಂದೀಪವಿಲ್ಲದ ಭತ್ತದ ಟ್ರಾಲಿಗೆ ಗುದ್ದಿ ಕಾಲು ಮುರಿದುಕೊಂಡು ಆರು ತಿಂಗಳು ಮಲಗಿದರು. ಅವರನ್ನು ನೋಡಿಬಂದ ರಾತ್ರಿಯೇ ಕಾರು ಕೊಳ್ಳುವ ನಿರ್ಧಾರ ನಮ್ಮ ಮನೆಯಲ್ಲಿ ಆಯಿತು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಕಾರು ಬೇಕೋ ಬೇಡವೋ ಎಂಬುದನ್ನು ನೆರೆಮನೆಯ ಅಂಗಳ ನೋಡಿ ತೀರ್ಮಾನಿಸಬಾರದು. ಒಂದು ತಿಂಗಳು ಬಸ್ಸಿನಲ್ಲಿ ಓಡಾಡಿ, ಯಾವ ದಿನ, ಯಾವ ಹೊತ್ತಿನಲ್ಲಿ, ಎಲ್ಲಿ ಬಸ್ಸು ತಪ್ಪುತ್ತದೆಯೆಂದು ಬರೆದಿಟ್ಟುಕೊಳ್ಳಿ. ವಾರಕ್ಕೆ ಒಂದು ದಿನ ಮಾತ್ರ ತಪ್ಪುವುದಾದರೆ ಆ ಒಂದು ದಿನ ಯಾರದಾದರೂ ವಾಹನದಲ್ಲಿ ಬಂದರಾಯಿತು, ಕಾರು ಬೇಕಿಲ್ಲ. ನಮ್ಮೂರಿನ ಯುವಕನಿಗೆ ಇನ್ನೊಂದು ಮಾತನ್ನೂ ಹೇಳಿದೆ. ಹಬ್ಬಕ್ಕೆ ಊರಿಗೆ ಬರಲೆಂದು ದೊಡ್ಡ ಡಿಕ್ಕಿಯ ದೊಡ್ಡ ಕಾರು ಬೇಡ. 2024ರಲ್ಲಿ ಸಿಂಧನೂರಿಗೆ ರೈಲು ಬಂದಿದೆ. ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಬಂದು ಮುಂದೆ ಬಸ್ಸು ಹಿಡಿಯಬಹುದು. ವರ್ಷಕ್ಕೆ ನಾಲ್ಕು ಬಾರಿಯ ಪ್ರಯಾಣಕ್ಕಾಗಿ ವರ್ಷವಿಡೀ ಭಾರದ ಕಾರನ್ನು ಓಡಿಸುವುದು, ನಾಲ್ಕು ದಿನದ ನಾಟಿಗೆಂದು ವರ್ಷವಿಡೀ ಹತ್ತು ಆಳುಗಳನ್ನು ಇಟ್ಟುಕೊಂಡಂತೆ.

ನಾನು ಮಾಡಿದ ತಪ್ಪು

ಕಾರು ಬೇಕೆಂದು ತೀರ್ಮಾನಿಸಿದ ಮೇಲೆ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಎರಡು ಲಕ್ಷ ಅರವತ್ತು ಸಾವಿರ ರೂಪಾಯಿಗೆ ಒಂದು ಉದ್ದನೆಯ ಸೆಡಾನ್ ಸಿಕ್ಕಿತು. ಹೊಸದಾಗಿದ್ದಾಗ ಅದರ ಬೆಲೆ ಎಂಟು ಲಕ್ಷಕ್ಕೂ ಹೆಚ್ಚಿತ್ತೆಂದು ಮಾರಿದವರು ಹೇಳಿದರು. ಎಂಟು ಲಕ್ಷದ ಸುಖ ಎರಡೂವರೆ ಲಕ್ಷಕ್ಕೆ ಬಂತೆಂದು ನಾನು ಹಿಗ್ಗಿದೆ. ಮೆತ್ತನೆಯ ಆಸನ, ತಣ್ಣನೆಯ ಗಾಳಿ, ಒಳಗೆ ಕುಳಿತರೆ ಹೊರಗಿನ ಸದ್ದಿಲ್ಲ. ಆದರೆ ಆ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರವಾಗಿತ್ತು. ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವಿನ ಅಂತರ ಹೆಚ್ಚಾಗಿದ್ದುದರಿಂದ ಹಳ್ಳಿಗೊಂದರಂತೆ ಜನರೇ ಹಾಕಿಕೊಂಡಿದ್ದ ಎತ್ತರದ ಹಂಪ್‌ಗಳಿಗೆ ನಡುಭಾಗ ತಾಗುತ್ತಿತ್ತು.

ನವೆಂಬರ್ ತಿಂಗಳ ಒಂದು ರಾತ್ರಿ, ಮಡದಿಗೆ ವಿಪರೀತ ಜ್ವರವೆಂದು ಕರೆ ಬಂದು ಅವಸರದಲ್ಲಿ ಬರುತ್ತಿದ್ದೆ. ಮಸ್ಕಿ ದಾಟಿ ಕೆಲವು ಕಿಲೋಮೀಟರು ಬಂದ ಮೇಲೆ ರಸ್ತೆಯ ಅರ್ಧಭಾಗದಲ್ಲಿ ಭತ್ತ ಒಣಹಾಕಿದ್ದರು. ಅದನ್ನು ತಪ್ಪಿಸಲು ಪಕ್ಕಕ್ಕೆ ತೆಗೆದುಕೊಂಡಾಗ ಕೆಳಗೆ ಏನೋ ಬಲವಾಗಿ ತಾಗಿತು. ಮೂರು ಕಿಲೋಮೀಟರು ಮುಂದೆ ಎಂಜಿನ್ ನಿಂತೇಹೋಯಿತು. ಎಂಜಿನ್ನಿನ ತಳದ ಆಯಿಲ್ ಚೇಂಬರ್ ಒಡೆದು ಎಣ್ಣೆಯೆಲ್ಲ ದಾರಿಯಲ್ಲಿ ಸೋರಿತ್ತು. ಒಂದೂವರೆ ಗಂಟೆ ಕತ್ತಲೆಯಲ್ಲಿ ನಿಂತೆ. ಕೊನೆಗೆ ಭತ್ತದ ಚೀಲ ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ಕೂರಿಸಿಕೊಂಡು ಊರು ಮುಟ್ಟಿಸಿದ. ಅಷ್ಟು ಹೊತ್ತಿಗೆ ನೆರೆಯವರೇ ಮಡದಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು.

ದುರಸ್ತಿಗೆ ಕಾರಿನ ಬೆಲೆಯ ಅರ್ಧದಷ್ಟು ಹಣ ಹೋಯಿತು. ತುರ್ವಿಹಾಳದ ಮೆಕ್ಯಾನಿಕ್ ಕಾರಿನ ಕೆಳಗಿನಿಂದ ಹೊರಬಂದು, ಕೈ ಒರೆಸಿಕೊಳ್ಳುತ್ತ ಹೇಳಿದ ಮಾತನ್ನು ನಾನು ಮರೆತಿಲ್ಲ: “ಗಾಡಿ ರೊಕ್ಕ ನೋಡಿ ತಗೋಬ್ಯಾಡ್ರಿ ಸರ್, ದಾರಿ ನೋಡಿ ತಗೋರಿ. ಈ ಗಾಡಿ ಛಲೋ ಐತಿ, ನಿಮ್ಮ ದಾರಿಗಲ್ಲ.” ಮೂವತ್ತು ವರ್ಷ ಓದಿ ನಾನು ರೈತರಿಗೆ ಹೇಳುತ್ತ ಬಂದದ್ದೂ ಇದನ್ನೇ. ತಳಿಯ ಹೆಸರು ನೋಡಿ ಬೀಜ ಕೊಳ್ಳಬೇಡಿ, ನಿಮ್ಮ ಹೊಲದ ಮಣ್ಣು ನೋಡಿ ಕೊಳ್ಳಿ ಎಂದು. ನನ್ನ ವಿಷಯಕ್ಕೆ ಬಂದಾಗ ಆ ಪಾಠ ಮರೆತುಹೋಗಿತ್ತು.

ಮಣ್ಣು ರಸ್ತೆಯನ್ನು ಆಳುತ್ತದೆ

ಎರೆಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಕಾಣುವ ಈ ಬಿರುಕು ರಸ್ತೆಯ ಅಡಿಯಲ್ಲಿಯೂ ಆಗುತ್ತಿರುತ್ತದೆ. ತಳಪಾಯ ಸರಿಯಾಗಿರದ ರಸ್ತೆ ಕೆಲವೇ ವರ್ಷಗಳಲ್ಲಿ ಅಲೆ‌ಅಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಪಕ್ಕದಲ್ಲಿ ಕಾಲುವೆ ಹರಿದು ಗದ್ದೆಗಳಲ್ಲಿ ನೀರು ನಿಂತಿದ್ದರೆ ಈ ಕ್ರಿಯೆ ಇನ್ನೂ ಬೇಗ. ಕೊಯ್ಲಿನ ದಿನಗಳಲ್ಲಿ ಯಂತ್ರಗಳ ಗಾಲಿಗೆ ಅಂಟಿ ಬಂದ ಎರೆ ಡಾಂಬರಿನ ಮೇಲೆ ಹರಡಿ, ಒಂದು ಮಳೆ ಹನಿಸಿದರೆ ಸಾಬೂನು ಬಳಿದಂತಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಸಂಗತಿ ಬೇರೆ. ಇಲ್ಲಿ ಜಂಬಿಟ್ಟಿಗೆಯ ನೆಲ ಗಟ್ಟಿ, ಆದರೆ ತಿರುವು, ಏರು, ಕೊಚ್ಚಿಹೋದ ಮೋರಿ ಮತ್ತು ವರ್ಷದ ನಾಲ್ಕು ತಿಂಗಳ ಮಳೆ.

ಆದುದರಿಂದ ಕಾರು ನೋಡಲು ಹೊರಡುವ ಮೊದಲು ನಿಮ್ಮ ದಾರಿಯ ವಿವರ ಬರೆಯಿರಿ. ಎಷ್ಟು ಕಿಲೋಮೀಟರು ಹೆದ್ದಾರಿ, ಎಷ್ಟು ಹಳ್ಳಿಯ ರಸ್ತೆ? ಎಷ್ಟು ಹಂಪ್‌ಗಳಿವೆ? ಎಷ್ಟು ದಿನ ಕತ್ತಲಾದ ಮೇಲೆ ಬರಬೇಕು? ಕೆಟ್ಟರೆ ನೋಡುವ ಮೆಕ್ಯಾನಿಕ್ ಎಲ್ಲಿದ್ದಾನೆ, ಅವನಿಗೆ ಯಾವ ಕಾರಿನ ಬಿಡಿಭಾಗ ಅದೇ ದಿನ ಸಿಗುತ್ತದೆ? ಕೊನೆಯ ಪ್ರಶ್ನೆ ಬಹಳ ಮುಖ್ಯ. ನಗರದಲ್ಲಿ ಅಗ್ಗವಾಗಿ ದೊರೆಯುವ ಅಪರೂಪದ ಕಂಪನಿಯ ಕಾರು ಹಳ್ಳಿಯಲ್ಲಿ ಒಂದು ಸಣ್ಣ ಕೊಳವೆಗಾಗಿ ಇಪ್ಪತ್ತು ದಿನ ನಿಲ್ಲುತ್ತದೆ. ನಮ್ಮ ಸೀಮೆಗಳಲ್ಲಿ ಮಾರುತಿಯ ಆಲ್ಟೊ, ವ್ಯಾಗನ್‌ಆರ್, ಸ್ವಿಫ್ಟ್‌ಗಳು, ಹುಂಡೈನ ಸಣ್ಣ ಕಾರುಗಳು ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ನೆಲದಿಂದ ಕಾರಿನ ಹೊಟ್ಟೆಗೆ 170 ಮಿಲಿಮೀಟರಿನ ಆಸುಪಾಸು ಎತ್ತರವಿದ್ದು, ಗಾಲಿಗಳ ನಡುವಿನ ಅಂತರ ತೀರ ಹೆಚ್ಚಿರದಿದ್ದರೆ ಹಳ್ಳಿಯ ಹಂಪ್‌ಗಳನ್ನು ದಾಟಬಹುದು. ನಾಲ್ವರನ್ನು ಕೂರಿಸಿಕೊಂಡೇ ನೋಡಿ, ಏಕೆಂದರೆ ಭಾರಕ್ಕೆ ಕಾರು ಕುಸಿಯುತ್ತದೆ.

ಹಿತವೆಂಬುದು ಶೋಕಿಯಲ್ಲ

ಪರಿಸರದ ಕಾಳಜಿಯುಳ್ಳವರಲ್ಲಿ ಸುಖದ ಮಾತೆತ್ತಿದರೆ ಮುಜುಗರಪಡುವವರಿದ್ದಾರೆ. ಆದರೆ ದಿನಕ್ಕೆ ಮೂರು ಗಂಟೆ ಕುಳಿತು ಓಡಿಸುವವನಿಗೆ ಹಿತವೆಂಬುದು ಬೆನ್ನೆಲುಬಿನ ಪ್ರಶ್ನೆ. ಟ್ರ್ಯಾಕ್ಟರ್ ಚಾಲಕರ ಸೊಂಟನೋವಿನ ಬಗ್ಗೆ ಕೃಷಿ ಎಂಜಿನಿಯರಿಂಗಿನಲ್ಲಿ ಹಲವು ದಶಕಗಳ ಅಧ್ಯಯನವಿದೆ. ಕುಳಿತ ದೇಹ ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿಯ ಮೇಲುಕೆಳಗಿನ ಅಲುಗಾಟಕ್ಕೆ ಹೆಚ್ಚು ತುತ್ತಾಗುತ್ತದೆ. ಕಾರಿನಲ್ಲಿ ಟ್ರ್ಯಾಕ್ಟರಿನಷ್ಟು ಅಲುಗಾಟವಿಲ್ಲ ನಿಜ, ಆದರೆ ಸವೆದ ಶಾಕ್ ಅಬ್ಸಾರ್ಬರಿನ ಕಾರನ್ನು ಅಲೆಗಟ್ಟಿದ ರಸ್ತೆಯಲ್ಲಿ ವರ್ಷವಿಡೀ ಓಡಿಸಿದವನ ಸೊಂಟವೂ ಉಳಿಯುವುದಿಲ್ಲ.

ಆಸನ ಮೆತ್ತಗಿದ್ದ ಮಾತ್ರಕ್ಕೆ ಹಿತವಲ್ಲ. ತೊಡೆಯ ಅಡಿಗೆ ಆಧಾರ ಸಿಗಬೇಕು, ಕ್ಲಚ್ಚು ಪೂರ್ತಿ ಒತ್ತಿದಾಗಲೂ ಮಂಡಿ ನೆಟ್ಟಗಾಗಬಾರದು, ಸ್ಟೇರಿಂಗ್ ಹಿಡಿದಾಗ ಭುಜ ಬೆನ್ನಿನಿಂದ ಮುಂದಕ್ಕೆ ಬರಬಾರದು. ಸ್ವಲ್ಪ ಎತ್ತರದ ಆಸನವಿರುವ ಕಾರಿಗೆ ಹತ್ತುವುದೂ ಇಳಿಯುವುದೂ ಸುಲಭ, ಮುಂದಿನ ರಸ್ತೆಯೂ ಚೆನ್ನಾಗಿ ಕಾಣುತ್ತದೆ. ಕ್ಲಚ್ಚು ಗಟ್ಟಿಯಾಗಿದ್ದರೆ ಸಿಂಧನೂರಿನಂತಹ ಪೇಟೆಯ ಸಂದಣಿಯಲ್ಲಿ ಎಡಮಂಡಿ ಅದನ್ನು ಸಂಜೆ ನೆನಪಿಸುತ್ತದೆ. ರಾಯಚೂರು ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ ನಲವತ್ತು ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿ ಎ.ಸಿ. ಸರಿಯಿದೆಯೇ ಎಂದು ಬೆಳಗಿನ ತಂಪಿನಲ್ಲಿ ನೋಡಿ ಪ್ರಯೋಜನವಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ನೋಡಬೇಕು.

ಮಾರುವವರು ಕಾಲೊನಿಯ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಅದಕ್ಕೆ ಒಪ್ಪಬೇಡಿ. ಇಂಧನದ ಹಣ ನಾನೇ ಕೊಡುತ್ತೇನೆಂದು ಹೇಳಿ, ಸಾಧ್ಯವಾದರೆ ನೀವು ದಿನವೂ ಹೋಗುವ ದಾರಿಯಲ್ಲಿಯೇ, ಇಲ್ಲವಾದರೆ ಅಂಥದ್ದೇ ಇನ್ನೊಂದು ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿಸಿ. ಇಳಿದ ಕೂಡಲೇ ಸೊಂಟ, ಕುತ್ತಿಗೆ, ಮಂಡಿಗಳು ಏನು ಹೇಳುತ್ತವೆಯೋ ಅದೇ ನಿಮಗೆ ಸರಿಯಾದ ವರದಿ.

ಸುರಕ್ಷತೆಯೂ ಹಿತದ ಭಾಗವೇ. 2019ರ ಏಪ್ರಿಲಿನಿಂದ ಹೊಸ ಕಾರುಗಳಲ್ಲಿ ಎಬಿಎಸ್ ಬ್ರೇಕ್ ವ್ಯವಸ್ಥೆ, ಅದೇ ವರ್ಷದ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಎರೆ ಬಳಿದುಕೊಂಡ ಒದ್ದೆ ರಸ್ತೆಯಲ್ಲಿ ಒಮ್ಮೆಲೇ ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವುದು ಎಬಿಎಸ್. ನಾನು 2017ರಲ್ಲಿ ಎರಡನೆಯ ಬಾರಿ ಕೊಂಡ, 2012ರ ಎತ್ತರದ ಸಣ್ಣ ಪೆಟ್ರೋಲ್ ಕಾರಿನಲ್ಲಿ ಇವೆರಡೂ ಇಲ್ಲ. ಶಿಬಿರದ ಹೊರಗೆ ನಿಂತಿದ್ದ ಬಿಳಿ ಕಾರು ಅದೇ. ಎರಡು ಲಕ್ಷ ಕಿಲೋಮೀಟರಿನ ಸಮೀಪ ಓಡಿದೆ, ನನ್ನನ್ನು ಒಮ್ಮೆಯೂ ದಾರಿಯಲ್ಲಿ ಬಿಟ್ಟಿಲ್ಲ. ಆದರೂ ಇಂದು ಕೊಳ್ಳುವುದಾದರೆ 2019ರ ಜುಲೈ ನಂತರ ತಯಾರಾದ ಕಾರನ್ನೇ ಹುಡುಕುತ್ತಿದ್ದೆ.

ಲೆಕ್ಕ ಹಾಕುವ ಬಗೆ

ಹಳೆಯ ಕಾರಿನ ನಿಜವಾದ ಬೆಲೆ ಕೊಳ್ಳುವ ದಿನ ತಿಳಿಯುವುದಿಲ್ಲ. ದಿನಕ್ಕೆ ನೂರ ಹತ್ತು ಕಿಲೋಮೀಟರಿನಂತೆ ತಿಂಗಳಿಗೆ ಇಪ್ಪತ್ತೈದು ದಿನ ಓಡಿಸಿದರೆ 2,750 ಕಿಲೋಮೀಟರು, ರಜೆ ಕಳೆದು ಹನ್ನೊಂದು ತಿಂಗಳಿಗೆ ಸುಮಾರು 30,000 ಕಿಲೋಮೀಟರು. ಲೆಕ್ಕದ ಸುಲಭಕ್ಕಾಗಿ ಪೆಟ್ರೋಲಿಗೆ ಲೀಟರಿಗೆ ನೂರು ರೂಪಾಯಿ ಎಂದು ಹಿಡಿಯೋಣ. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿಗೆ ತಿಂಗಳಿಗೆ 183 ಲೀಟರು ಬೇಕು, 20 ಕಿಲೋಮೀಟರು ಓಡುವ ಕಾರಿಗೆ 137 ಲೀಟರು ಸಾಕು. ತಿಂಗಳಿಗೆ ಸುಮಾರು 4,600 ರೂಪಾಯಿಯ ಅಂತರ. ಐದು ವರ್ಷಕ್ಕೆ ಅದು ಎರಡೂವರೆ ಲಕ್ಷ ರೂಪಾಯಿಯಾಗುತ್ತದೆ. ಅಂದರೆ ಇನ್ನೊಂದು ಹಳೆಯ ಕಾರಿನ ಬೆಲೆ. ಅಗ್ಗವೆಂದು ಐವತ್ತು ಸಾವಿರ ಉಳಿಸಿ ಹೆಚ್ಚು ಕುಡಿಯುವ ಕಾರು ತಂದವನು ಒಂದೇ ವರ್ಷದಲ್ಲಿ ಆ ಉಳಿತಾಯವನ್ನು ಬಂಕಿಗೆ ಒಪ್ಪಿಸಿರುತ್ತಾನೆ.

ನೂರು ಲೀಟರು ಪೆಟ್ರೋಲ್ ಉರಿದರೆ ಸುಮಾರು 230 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಜೇಬಿಗೆ ಹಿತವಾದದ್ದು ಗಾಳಿಗೂ ಅಷ್ಟರಮಟ್ಟಿಗೆ ಹಿತ. ಇನ್ನು ಹೊಸ ಕಾರೊಂದು ತಯಾರಾಗುವಾಗಲೇ ಕೆಲವು ಟನ್ ಇಂಗಾಲ ಗಾಳಿಗೆ ಸೇರಿರುತ್ತದೆ. ಚೆನ್ನಾಗಿರುವ ಹಳೆಯ ಸಣ್ಣ ಕಾರನ್ನು ಇನ್ನೈದು ವರ್ಷ ಬಳಸುವುದರಲ್ಲಿ ತಪ್ಪಿಲ್ಲವೆಂದು ನಾನು ನಂಬುವುದು ಈ ಕಾರಣಕ್ಕೆ.

ಡೀಸೆಲ್ ಕಾರು ಹೆಚ್ಚು ದೂರ ಓಡುತ್ತದೆ, ಲೀಟರಿನ ಬೆಲೆಯೂ ಕಡಿಮೆ. ಲೆಕ್ಕದಲ್ಲಿ ಅದೇ ಗೆಲ್ಲುವಂತೆ ಕಾಣುತ್ತದೆ. ಆದರೆ ಹತ್ತು ವರ್ಷ ಹಳೆಯ ಡೀಸೆಲ್ ಕಾರಿನ ಇಂಜೆಕ್ಟರ್ ಅಥವಾ ಟರ್ಬೊ ಒಮ್ಮೆ ಕೈಕೊಟ್ಟರೆ ಎರಡು ವರ್ಷದ ಉಳಿತಾಯ ಹೋಗುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿಯೇ ವರ್ಗೀಕರಿಸಿದೆ. ಮಾರುತಿ ಕಂಪನಿ 2020ರ ಏಪ್ರಿಲಿನಲ್ಲಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ದೆಹಲಿಯಲ್ಲಿ 2015ರ ಹಸಿರು ನ್ಯಾಯಮಂಡಳಿಯ ಆದೇಶದ ಬಳಿಕ ಹತ್ತು ವರ್ಷದ ಡೀಸೆಲ್ ಕಾರುಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಸಾಗಿವೆ. ಅಂಥದ್ದನ್ನು ತಂದರೆ ನಿರಾಕ್ಷೇಪಣಾ ಪತ್ರ, ಕರ್ನಾಟಕದ ಜೀವಾವಧಿ ತೆರಿಗೆ, ಮರುನೋಂದಣಿಗಳ ಖರ್ಚನ್ನೂ ಸೇರಿಸಿಕೊಂಡು ನೋಡಬೇಕು. ತಲೆಯ ಮೇಲೆ ಅಗ್ಗದ ಹೊರೆ ಹೊತ್ತುಕೊಂಡು ಬಂದಂತಾಗಬಾರದು.

ಪೆಟ್ರೋಲ್ ಕಾರಿಗೂ ಒಂದು ಎಚ್ಚರಿಕೆಯಿದೆ. ದೇಶದ ಬಂಕುಗಳಲ್ಲಿ ಈಗ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಗಿದೆ. ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ಬರುವ ಎಥೆನಾಲಿನಲ್ಲಿ ಅದೇ ಅಳತೆಯ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ ಶಕ್ತಿಯಿದೆ. ಆದುದರಿಂದ ಮೈಲೇಜು ತುಸು ಇಳಿಯುತ್ತದೆ. 2023ರ ಏಪ್ರಿಲಿಗೆ ಹಿಂದಿನ ಕಾರುಗಳಾದರೆ ಇಂಧನದ ರಬ್ಬರ್ ಕೊಳವೆ, ವಾಷರ್‌ಗಳನ್ನು ಸರ್ವಿಸಿನಲ್ಲಿ ತಪ್ಪದೆ ನೋಡಿಸಬೇಕು. ವಿದ್ಯುತ್ ಕಾರು ದಿನಕ್ಕೆ ನೂರು ಕಿಲೋಮೀಟರಿನ ಓಟಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಹಳೆಯದನ್ನು ಕೊಳ್ಳುವವರು ಬ್ಯಾಟರಿಯ ಖಾತರಿ ಎರಡನೆಯ ಮಾಲೀಕನಿಗೂ ಉಂಟೇ ಎಂಬುದನ್ನು ಬರಹದಲ್ಲಿ ಪಡೆಯಲಿ. ರಾತ್ರಿ ಚಾರ್ಜು ಮಾಡುವಷ್ಟು ಹೊತ್ತು ಮನೆಯಲ್ಲಿ ವಿದ್ಯುತ್ ನಿಲ್ಲುತ್ತದೆಯೇ ಎಂಬುದನ್ನು ತಾವೇ ನೋಡಿಕೊಳ್ಳಲಿ.

ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೆ ಕೊಡಬೇಡಿ. ಮೂರೂವರೆ ಲಕ್ಷವಿದ್ದರೆ ಮೂರು ಲಕ್ಷದ ಕಾರನ್ನು ನೋಡಿ. ಉಳಿದದ್ದು ಮೊದಲ ಮೂರು ತಿಂಗಳಲ್ಲಿ ಟೈರು, ಬ್ಯಾಟರಿ, ಬ್ರೇಕು, ಕ್ಲಚ್ಚುಗಳಿಗೆ ಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೆಯ ಕಾರಿನ ಬೆಲೆ ಕೇಳುವಾಗ ಅದೇ ಕಾರಿನ ಇಂದಿನ ಹೊಸ ಬೆಲೆಯನ್ನು ತಿಳಿದುಕೊಂಡೇ ಹೋಗಿ.

ಕಣ್ಣಿಟ್ಟು ನೋಡಬೇಕಾದವು

ಮಾರುವವರಿಗೆ ಎಂಜಿನ್ ಬಿಸಿ ಮಾಡಿಡಬೇಡಿರೆಂದು ಹೇಳಿ, ಬೆಳಿಗ್ಗೆ ಹೋಗಿ ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಹಿಂದಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ತಂಪುನೀರು ಒಳಸೇರುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಹಾಲುಬೆರೆಸಿದ ಚಹಾದ ಬಣ್ಣದ ಲೋಳೆ ಕಂಡರೂ ಅದೇ ಅನುಮಾನ. ಮೀಟರು ನಲವತ್ತು ಸಾವಿರ ತೋರಿಸುತ್ತಿದ್ದು, ಕ್ಲಚ್ಚಿನ ರಬ್ಬರು ನುಣ್ಣಗೆ ಸವೆದು ಸ್ಟೇರಿಂಗ್ ಹೊಳೆಯುತ್ತಿದ್ದರೆ ಮೀಟರನ್ನು ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ಟೈರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆಯಿರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಟೈರು ಒಂದೇ ಮಗ್ಗುಲಲ್ಲಿ ಸವೆದಿದ್ದರೆ ಕಾರು ಎಲ್ಲಿಯೋ ಪೆಟ್ಟು ತಿಂದಿದೆ ಅಥವಾ ಅದರ ಕೆಳಗಿನ ಜೋಡಣೆ ತಪ್ಪಿದೆ.

ಮಲೆನಾಡಿನವರು ಇನ್ನೊಂದನ್ನು ನೋಡಲೇಬೇಕು. 2018 ಮತ್ತು 2019ರ ನೆರೆಗಳಲ್ಲಿ, 2022ರ ಬೆಂಗಳೂರಿನ ಮಳೆಯಲ್ಲಿ ಎಷ್ಟೋ ಕಾರುಗಳು ಮುಳುಗಿದ್ದವು. ಅಂಥವು ತೊಳೆದು ಒಣಗಿ ಮತ್ತೆ ಮಾರುಕಟ್ಟೆಗೆ ಬರುತ್ತವೆ. ನೆಲಹಾಸು ಎತ್ತಿ ನೋಡಿ. ಆಸನದ ಕಂಬಿಗಳಿಗೆ ತುಕ್ಕು ಹಿಡಿದಿದ್ದರೆ, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕೊನೆಯಲ್ಲಿ ಕೆಸರಿನ ಗೆರೆ ಕಂಡರೆ, ಬೆಲೆ ಎಷ್ಟೇ ಇಳಿದರೂ ಬಿಟ್ಟುಬನ್ನಿ. ಹಳದಿ ಬೋರ್ಡಿನ ಟ್ಯಾಕ್ಸಿಯಾಗಿ ಓಡಿ ಬಳಿಕ ಬಿಳಿ ಬೋರ್ಡಾದ ಕಾರುಗಳೂ ಇರುತ್ತವೆ, ನೋಂದಣಿಯ ಪೂರ್ವಚರಿತ್ರೆ ಕೇಳಿ.

ಕಾಗದಪತ್ರಗಳಲ್ಲಿ ಉದಾಸೀನ ಬೇಡ. ಫಾರಂ 29 ಮತ್ತು 30 ಇಲ್ಲದೆ ಮಾಲೀಕತ್ವ ಬದಲಾಗುವುದಿಲ್ಲ. ಹಿಂದಿನವರು ಸಾಲ ಮಾಡಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಬೇಕು. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಕಾರಿನ ನೋಂದಣಿ ಹದಿನೈದು ವರ್ಷದ್ದು. ಅದು ತುಂಬಿದ ಬಳಿಕ ತಪಾಸಣೆ, ನವೀಕರಣ ಶುಲ್ಕ, ಹಸಿರು ತೆರಿಗೆಗಳಿರುತ್ತವೆ. ಐದು ವರ್ಷ ಓಡಿಸುವ ಉದ್ದೇಶವಿದ್ದರೆ ಹತ್ತು ವರ್ಷದೊಳಗಿನ ಕಾರನ್ನೇ ನೋಡುವುದು ಲೇಸು.

ಖಾಲಿ ಮೂರು ಆಸನ

ಇಷ್ಟು ಬರೆದ ಮೇಲೂ ಶಿಬಿರದ ಆ ವಿದ್ಯಾರ್ಥಿನಿಗೆ ಉತ್ತರ ಕೊಟ್ಟಂತಾಗಲಿಲ್ಲ. ಅದಕ್ಕಾಗಿ ಇನ್ನೊಂದು ಘಟನೆ ಹೇಳಬೇಕು.

ಎರಡನೆಯ ಕಾರು ಬಂದ ಮೇಲೆ ನನ್ನ ದಿನಗಳು ಸುಖವಾಗಿ ಹೋಗತೊಡಗಿದವು. ಧೂಳಿಗೆಂದು ಗಾಜು ಏರಿಸಿ, ಎ.ಸಿ. ಹಾಕಿ, ಹಾಡು ಕೇಳುತ್ತ ಹೋಗುತ್ತಿದ್ದೆ. ಒಂದು ಭಾನುವಾರ ನಮ್ಮ ಬಾಡಿಗೆ ಮನೆಯ ಮಾಲೀಕರು ಬಂದು ಬಹಳ ಹೊತ್ತು ಮಳೆ ಬೆಳೆಯ ಮಾತಾಡಿದರು. ಹೊರಡುವಾಗ ಹಿಂಜರಿಯುತ್ತ ಅಂದರು: “ಸರ್, ಎಂಟರ ಬಸ್ಸು ನಿಂತು ತಿಂಗಳಾತ್ರಿ. ನಮ್ಮ ಹುಡುಗಿ ಮಸ್ಕಿ ಕಾಲೇಜಿಗೆ ಹೋಗಾಕ ದಿನಾ ನಿಮ್ಮ ದಾರಿಯೊಳಗ ನಿಂತಿರ್ತಾಳ್ರಿ. ನೀವು ನೋಡಿಲ್ಲೇನ್ರಿ?”

ನಾನು ನೋಡಿರಲಿಲ್ಲ. ಐದು ತಿಂಗಳು ನಾನೇ ಹತ್ತಿದ್ದ ಬಸ್ಸು ಅದು. ಅದು ನಿಂತದ್ದೇ ನನಗೆ ತಿಳಿದಿರಲಿಲ್ಲ. ಹುಡುಗಿಯ ಓದು ಬಿಡಿಸುವ ಯೋಚನೆ ಅವರ ಮನೆಯಲ್ಲಿ ನಡೆದಿತ್ತು. ಒಂದು ತಿಂಗಳು ಮೂರು ಖಾಲಿ ಆಸನಗಳು ಅವಳ ಮುಂದೆಯೇ ಹಾದುಹೋಗಿದ್ದವು.

ಮರುದಿನದಿಂದ ಆ ಹುಡುಗಿಯೂ ಅವಳ ಇಬ್ಬರು ಗೆಳತಿಯರೂ ಮಸ್ಕಿಯವರೆಗೆ ಕಾರಿನಲ್ಲಿ ಬಂದರು. ಅದೇ ದಾರಿಯಲ್ಲಿ ಓಡಾಡುತ್ತಿದ್ದ ಮೂವರು ನೌಕರರೊಂದಿಗೆ ಮಾತನಾಡಿ, ವಾರಕ್ಕೊಬ್ಬರ ಕಾರು ಎಂಬ ಏರ್ಪಾಡು ಮಾಡಿಕೊಂಡೆವು. ಹಣದ ಲೆಕ್ಕವಿಲ್ಲ, ಸರದಿಯ ಲೆಕ್ಕ ಮಾತ್ರ. ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆಗೆ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧವಾದ್ದರಿಂದ ಸರದಿಯೇ ಸರಿಯಾದ ದಾರಿ. ನಾಲ್ಕು ಕಾರುಗಳ ಬದಲು ಒಂದೇ ಕಾರು ಓಡಿತು. ನನ್ನ ಪೆಟ್ರೋಲಿನ ಖರ್ಚು ಕಾಲುಭಾಗಕ್ಕೆ ಇಳಿಯಿತು. ಯಾವ ಕಂಪನಿಯ ಯಾವ ಕಾರೂ ಇಷ್ಟು ಮೈಲೇಜು ಕೊಡಲಾರದು.

ಅದರ ಜೊತೆಗೇ ಬಸ್ಸಿನ ಅರ್ಜಿಗೆ ಸಹಿ ಸಂಗ್ರಹಿಸಿದೆವು. ಆಗ ಒಂದು ಸಂಗತಿ ಗಮನಕ್ಕೆ ಬಂತು. ಕಾರು, ಬೈಕುಗಳಿದ್ದ ಮನೆಯವರು “ನಮಗ ಬಸ್ಸು ಯಾಕ್ರಿ” ಎಂದು ಸಹಿಗೆ ಹಿಂಜರಿದರು. ಊರಿನಲ್ಲಿ ಮಾತು ನಡೆಯುವವರೂ ಅವರೇ. ಅವರು ಬಸ್ಸು ಬಿಟ್ಟರೆ ಬಸ್ಸಿಗಾಗಿ ದನಿಯೆತ್ತುವವರು ಉಳಿಯುವುದಿಲ್ಲ. ಉಳಿಯುವವರು ವಿದ್ಯಾರ್ಥಿಗಳು, ಮುದುಕರು, ಸಂತೆಗೆ ಹೋಗುವ ಹೆಂಗಸರು. ನಮ್ಮ ಘಟ್ಟದ ಊರುಗಳಲ್ಲಿಯೂ ಇದೇ ಆಗುತ್ತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರ ಪ್ರಯಾಣ ಉಚಿತವಾಗಿದೆ. ಆದರೆ ಬಾರದ ಬಸ್ಸಿನ ಉಚಿತ ಟಿಕೆಟಿನಿಂದ ಏನು ಪ್ರಯೋಜನ? ತುರ್ವಿಹಾಳದ ಎಂಟರ ಬಸ್ಸು ಮೂರು ತಿಂಗಳ ಬಳಿಕ ಮತ್ತೆ ಬಂದಿತು. ಆ ಅರ್ಜಿಯಲ್ಲಿ ಮೊದಲ ನಾಲ್ಕು ಸಹಿಗಳು ಕಾರಿದ್ದವರವು.

ಮಸ್ಕಿಯ ಬೆಟ್ಟದಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವಿದೆ, ಅದು ಪತ್ತೆಯಾದದ್ದು 1915ರಲ್ಲಿ. ದಾರಿಹೋಕರ ನೆರಳಿಗೆಂದು ಮರ ನೆಡಿಸಿದೆನೆಂದೂ ಬಾವಿ ತೋಡಿಸಿದೆನೆಂದೂ ಅವನ ಬೇರೆ ಶಾಸನಗಳು ಹೇಳುತ್ತವೆ. ದಾರಿಯೆಂದರೆ ಅದರಲ್ಲಿ ನಡೆಯುವವರೂ ನಿಲ್ಲುವವರೂ ಸೇರಿದ್ದು ಎಂಬ ತಿಳಿವಳಿಕೆ ಆ ಸೀಮೆಗೆ ಹೊಸದಲ್ಲ.

ಆದುದರಿಂದ ನಮ್ಮೂರಿನ ಯುವಕನಿಗೆ ನನ್ನ ಸಲಹೆ ಇಷ್ಟು. ಸಣ್ಣದು, ಎತ್ತರದ್ದು, 2019ರ ಜುಲೈ ನಂತರದ್ದು, ಊರ ಮೆಕ್ಯಾನಿಕ್ ಬಲ್ಲ ಪೆಟ್ರೋಲ್ ಕಾರನ್ನು, ನಿನ್ನ ದಾರಿಯಲ್ಲಿಯೇ ಓಡಿಸಿ ನೋಡಿ ಕೊಂಡುಕೋ. ಖಾಲಿ ಓಡಿಸಬೇಡ. ವಾರಕ್ಕೊಂದು ದಿನ ಕಾರು ಮನೆಯಲ್ಲಿಟ್ಟು ಬಸ್ಸಿನಲ್ಲಿಯೇ ಶಾಲೆಗೆ ಹೋಗು, ಬಸ್ಸಿನ ಸುಖದುಃಖ ನಿನಗೆ ಗೊತ್ತಿರಲಿ.

ಶಿಬಿರದಲ್ಲಿ ಕೇಳಿದ ವಿದ್ಯಾರ್ಥಿನಿಗೆ: ನಿನ್ನ ಪ್ರಶ್ನೆ ಸರಿಯಾಗಿತ್ತು. ಅಂದು ಕಾರಿನಲ್ಲಿ ನಾನೊಬ್ಬನೇ ಬಂದಿದ್ದೆ, ನಿಮ್ಮೂರಿಗೆ ಒಂಬತ್ತು ಗಂಟೆಗೆ ಬಸ್ಸಿತ್ತು. ಮುಂದಿನ ಶಿಬಿರಕ್ಕೆ ಅದರಲ್ಲಿಯೇ ಬರುತ್ತೇನೆ.